ಹದಿನಾಲ್ಕನೆಯ ಪ್ರಶ್ನೆ

ಮೊದಲ ಹದಿಮೂರು ಪ್ರಶ್ನೆಗಳಿಗೆ ಟೈಪಿಸ್ಟಮ್ಮನಿಗೆ ಕಾಲು ಗಂಟೆಯೂ ಹಿಡಿಯಲಿಲ್ಲ. ಹೆಸರು, ವಿಳಾಸ, ವಯಸ್ಸು ಮೂವತ್ತೊಂಬತ್ತು, ಪದವಿ ಪಾಸಾದ ವರ್ಷ, ಉದ್ಯೋಗ. ನ್ಯಾಯಾಲಯದಲ್ಲಿ ಬೆರಳಚ್ಚುಗಾರ್ತಿ, ಹದಿನಾರು ವರ್ಷದಿಂದ. ಭಾನುವಾರ ಬೆಳಗಿನ ತಿಂಡಿಯ ತಟ್ಟೆಗಳನ್ನು ಒಂದು ಕಡೆ ಸರಿಸಿ, ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ, ಅದರ ಮೇಲೆ ಅರ್ಜಿ ಇಟ್ಟುಕೊಂಡು ಕೂತಿದ್ದಳು. ಹದಿನಾಲ್ಕಕ್ಕೆ ಬಂದಾಗ ಪೆನ್ನು ನಿಂತಿತು.

“ಈ ಹಿಂದೆ ಯಾವುದೇ ವಿದ್ಯಾಸಂಸ್ಥೆಯಲ್ಲಾಗಲಿ ಉದ್ಯೋಗದಲ್ಲಾಗಲಿ ನಿಮ್ಮ ಮೇಲೆ ಶಿಸ್ತುಕ್ರಮ ಜರುಗಿದೆಯೇ? ಹೌದು ಅಥವಾ ಇಲ್ಲ. ಹೌದಾದಲ್ಲಿ ಪ್ರತ್ಯೇಕ ಹಾಳೆಯಲ್ಲಿ ವಿವರಿಸಿ.”

ಅದು ಸಂಜೆ ಕಾನೂನು ಕಾಲೇಜಿನ ಅರ್ಜಿ. ಕೆಲಸದಲ್ಲಿರುವವರಿಗೆಂದೇ ನಡೆಸುವ ಮೂರು ವರ್ಷದ ಪದವಿ, ಅರವತ್ತು ಸೀಟು. ಅದಕ್ಕೆ ಸೇರಬೇಕೆಂಬ ಆಸೆ ಅವಳಿಗೆ ಒಂದೇ ದಿನದಲ್ಲಿ ಹುಟ್ಟಿದ್ದಲ್ಲ. ವಕೀಲರು ಕೇಳಿದ್ದು, ಸಾಕ್ಷಿಗಳು ಹೇಳಿದ್ದು, ನ್ಯಾಯಾಧೀಶರು ಬರೆಸಿದ್ದು ಎಲ್ಲವೂ ಅವಳ ಬೆರಳಿನ ತುದಿಯಿಂದಲೇ ಕಾಗದಕ್ಕೆ ಇಳಿಯುತ್ತಿತ್ತು. ಎಷ್ಟೋ ಸಲ ವಕೀಲರು ಪ್ರಶ್ನೆ ಮುಗಿಸಿ ಕೂತಾಗ ‘ಅಯ್ಯೋ, ಮುಖ್ಯವಾದದ್ದನ್ನೇ ಕೇಳಲಿಲ್ಲವಲ್ಲ’ ಎಂದು ಅವಳ ಕೈ ಚಡಪಡಿಸುತ್ತಿತ್ತು. ಒಂದು ಸಲವಂತೂ ಬಾಯಿಂದ “ಬೀಗ?” ಎಂಬ ಮಾತು ಹೊರಗೇ ಬಿದ್ದುಬಿಟ್ಟಿತ್ತು. ವಕೀಲರು ತಿರುಗಿ ನೋಡಿ, ಕೆಮ್ಮಿ, ಬೀಗದ ಬಗ್ಗೆ ಕೇಳಿದರು, ಕೇಸು ಗೆದ್ದರು. ಆ ವಕೀಲರು ವಯಸ್ಸಾದವರು, ದೊಡ್ಡ ಮನಸ್ಸಿನವರು. ಸಂಜೆ ಹೋಗುವಾಗ ಅವಳ ಮೇಜಿನ ಹತ್ತಿರ ನಿಂತು, “ಈ ಕಡೆ ಕೂತಿದ್ದು ಸಾಕಮ್ಮ. ಆ ಕಡೆ ಬಾ. ಶಿಫಾರಸು ಪತ್ರ ನಾನು ಬರ್ಕೊಡ್ತೀನಿ,” ಎಂದರು. ಹೇಳಿದಂತೆಯೇ ಬರೆದೂ ಕೊಟ್ಟರು. ಅದು ಈಗ ಲಕೋಟೆಯಲ್ಲಿ ಸಿದ್ಧವಾಗಿತ್ತು. ಉಳಿದದ್ದು ಈ ಪ್ರಶ್ನೆ ಒಂದೇ.

ಹನ್ನೊಂದು ವರ್ಷದ ಹಿಂದೆ ಅವಳ ಮೇಲೆ ಶಿಸ್ತುಕ್ರಮ ಜರುಗಿತ್ತು.

ಆಗಿನ್ನೂ ಅವಳಿದ್ದ ಕೋರ್ಟ್ ಹಾಲ್‌ಗೆ ಕಂಪ್ಯೂಟರ್ ಬಂದಿರಲಿಲ್ಲ. ಗೋದಾಮಿನ ಕಳ್ಳತನದ ಕೇಸು. ಸಾಕ್ಷಿ ಅಲ್ಲಿನ ಕಾವಲುಗಾರ. ಅವನ ಹೇಳಿಕೆಯನ್ನು ಶೀಘ್ರಲಿಪಿಯಲ್ಲಿ ಬರೆದುಕೊಂಡು, ಊಟದ ಬಿಡುವಿನಲ್ಲಿ ಟೈಪ್ ಮಾಡಿದ್ದಳು. ಅವನು ಹೇಳಿದ್ದು ಇಷ್ಟು: “ಗೇಟಿನ ಬಳಿ ನಿಂತಿದ್ದವನು ಇವನೇ ಎಂದು ಖಚಿತವಾಗಿ ಹೇಳಲಾರೆ.” “ಇವನೇ” ಎನ್ನುವಲ್ಲಿಗೆ ಹಾಳೆ ಮುಗಿಯಿತು. ಹೊಸ ಹಾಳೆ ಸಿಕ್ಕಿಸುವಾಗ ಮನೆಯಿಂದ ಫೋನ್ ಬಂತು, ಮಗಳಿಗೆ ಜ್ವರ ಏರಿದೆ ಎಂದು. ಫೋನ್ ಇಟ್ಟು ಬಂದು ಕೂತವಳು ಮುಂದಿನ ವಾಕ್ಯದಿಂದ ಶುರುಮಾಡಿದಳು. “ಎಂದು ಖಚಿತವಾಗಿ ಹೇಳಲಾರೆ” ಬಿಟ್ಟೇಹೋಯಿತು. ಕಣ್ಣು ಸರಿಯಾಗಿ ಕಾಣದ ಕಾವಲುಗಾರ ಹೇಳಿದ ಕಡೆ ಸಹಿ ಹಾಕಿದ. ನ್ಯಾಯಾಧೀಶರೂ ಹಾಕಿದರು. ಗೇಟಿನ ಬಳಿ ನಿಂತಿದ್ದವನು ಇವನೇ. ಆ ಒಂದು ಸಾಲಿನ ಮೇಲೆ, ಲಾರಿ ಕ್ಲೀನರ್ ಆಗಿದ್ದ ಆರೋಪಿಗೆ ಜಾಮೀನು ಸಿಗಲಿಲ್ಲ.

ತಪ್ಪು ಅವಳ ಕಣ್ಣಿಗೆ ಬಿದ್ದದ್ದು ಹದಿನೈದು ದಿನದ ಮೇಲೆ, ನಕಲು ಪ್ರತಿಗಳನ್ನು ಹೊಂದಿಸುವಾಗ. ಒಂದು ಪುಟದ ಕೊನೆಯಲ್ಲಿ ಪೂರ್ಣವಿರಾಮ ಇರಲಿಲ್ಲ. ಪೂರ್ಣವಿರಾಮ ಬಿಡುವ ಕೈಯಲ್ಲ ಅವಳದು. ಹಳೆಯ ನೋಟ್‌ಬುಕ್ ತೆಗೆದು ನೋಡಿದಳು. ನೆಟ್ಟಗೆ ಹೆಡ್ ಕ್ಲರ್ಕ್ ಬಳಿ ಹೋದಳು. ಅವರು ಬಾಗಿಲು ಮುಂದೆ ಮಾಡಿ, ತಗ್ಗಿದ ದನಿಯಲ್ಲಿ, “ಸಾಕ್ಷಿ ಸಹಿ ಆಗಿದೆ, ಸಾಹೇಬರ ಸಹಿ ಆಗಿದೆ. ಈಗ ನೀನು ಬಾಯಿ ಬಿಟ್ರೆ ಮೊದಲು ಹೋಗೋದು ನಿನ್ನ ಕೆಲಸ. ಸುಮ್ನಿರು. ವಾದ ಮಾಡೋವಾಗ ಅವನ ವಕೀಲ ನೋಡ್ಕೋತಾನೆ,” ಎಂದರು.

ಅವಳು ಸುಮ್ಮನಿದ್ದಳು, ಎರಡು ದಿನ. ಮೂರನೆಯ ದಿನ ಬೆಳಿಗ್ಗೆ ನ್ಯಾಯಾಧೀಶರ ಕೊಠಡಿಗೆ ಹೋಗಿ ನೋಟ್‌ಬುಕ್ ಬಿಚ್ಚಿ ಮೇಜಿನ ಮೇಲಿಟ್ಟಳು. ಕಾವಲುಗಾರನನ್ನು ಮತ್ತೆ ಕರೆಸಿದರು, ಹೇಳಿಕೆ ತಿದ್ದಿದರು, ಕ್ಲೀನರ್ ಹೊರಗೆ ಬಂದ. ಆ ಸಾಲಿನಿಂದಾಗಿ ಅವನು ಒಳಗೆ ಕಳೆದದ್ದು ಹದಿನೇಳು ದಿನ. ಅವಳಿಗೆ ಒಂದು ಮೆಮೊ ಬಂತು: “ಕರ್ತವ್ಯದಲ್ಲಿ ನಿರ್ಲಕ್ಷ್ಯ. ಎಚ್ಚರಿಕೆ ನೀಡಲಾಗಿದೆ.” ತಪ್ಪನ್ನು ತಾನೇ ಬಂದು ಹೇಳಿದಳು ಎಂಬುದು ಮೆಮೊದಲ್ಲಿ ಇರಲಿಲ್ಲ.

“ಇಲ್ಲ ಅಂತ ಬರಿ,” ಎಂದ ಗಂಡ, ಅರ್ಜಿಯ ಮೇಲೆ ಬಗ್ಗಿ. ಅವನು ಲಿಫ್ಟ್ ಮೆಕ್ಯಾನಿಕ್. ಕೆಟ್ಟದ್ದನ್ನು ಸರಿಮಾಡಿ ಮುಂದಕ್ಕೆ ಹೋಗುವುದೇ ಅವನ ಬದುಕಿನ ರೀತಿ. “ಹನ್ನೊಂದು ವರ್ಷ ಆಯ್ತು. ಯಾರು ಹುಡುಕ್ಕೊಂಡು ಬರ್ತಾರೆ?”

“ಕೇಳಿದ್ದಾರಲ್ಲ ರೀ.”

“ಕೇಳ್ತಾರೆ. ಕೇಳಿದ್ದಕ್ಕೆಲ್ಲ ಹೇಳೋಕಾಗುತ್ತಾ? ನಮ್ಮ ಮದುವೆ ಮಾತುಕತೆಯಲ್ಲಿ ನಿಮ್ಮಪ್ಪ ಕೇಳಿದ್ದಕ್ಕೆಲ್ಲ ನಾನು ಸರಿಯಾಗಿ ಹೇಳಿದ್ದಿದ್ರೆ ನೀನು ಇಲ್ಲಿರ್ತಿದ್ಯಾ?”

ಒಳಗಿನ ಕೋಣೆಯಿಂದ ಅತ್ತೆಯ ದನಿ ಬಂತು. ಅವರಿಗೆ ಎದ್ದು ಓಡಾಡುವುದು ಕಷ್ಟ, ಕಿವಿ ಮಾತ್ರ ಚುರುಕು. “ಏನು ಹೇಳಿದ್ಯೋ ಸುಳ್ಳು?”

“ಏನಿಲ್ಲಮ್ಮ, ನೀನು ಮಲಕ್ಕೋ.”

ಅವಳು ನಗಲಿಲ್ಲ. ಅರ್ಜಿಯ ಕೊನೆಯ ಪುಟ ತಿರುವಿ ತೋರಿಸಿದಳು. ‘ಮೇಲಿನ ಮಾಹಿತಿಯಲ್ಲಿ ಯಾವುದಾದರೂ ಸುಳ್ಳೆಂದು ಯಾವ ಹಂತದಲ್ಲಿ ಕಂಡುಬಂದರೂ ಪ್ರವೇಶ ರದ್ದಾಗುವುದು.’ ಯಾವ ಹಂತದಲ್ಲಿ ಕಂಡುಬಂದರೂ. ಅಂದರೆ ಮೂರು ವರ್ಷ ಓದಿ, ಪಾಸಾಗಿ, ಕರಿ ಕೋಟು ಹೊಲಿಸಿಕೊಂಡ ಮೇಲೂ. ಹೌದು ಎಂದರೆ ಮೊದಲ ಸುತ್ತಿನಲ್ಲೇ ಕಸದ ಬುಟ್ಟಿಗೆ. ಇಲ್ಲ ಎಂದರೆ ಬದುಕಿರುವವರೆಗೂ ಬೆನ್ನ ಹಿಂದೆ ಹೆಜ್ಜೆಯ ಸದ್ದು.

ಮರುದಿನ ಅವಳು ಹೆಡ್ ಕ್ಲರ್ಕ್ ಬಳಿ ಹೋದಳು. ಅವರೇ ಈಗಲೂ ಹೆಡ್ ಕ್ಲರ್ಕ್. ನಿವೃತ್ತಿಗೆ ಏಳು ತಿಂಗಳು ಬಾಕಿ. ಸಂಜೆ ಓದುವುದಕ್ಕೆ ಇಲಾಖೆಯ ಅನುಮತಿ ಪತ್ರ ಬೇಕಿತ್ತು, ಸಹಿ ಹಾಕಬೇಕಾದವರು ಅವರೇ. ಮನವಿ ಓದಿ ಮೇಜಿನ ಮೇಲಿನ ಕಾಗದದ ತಟ್ಟೆಗೆ ಹಾಕಿ, “ಮೊದಲು ಸೀಟು ಸಿಗಲಿ, ಆಮೇಲೆ ನೋಡೋಣ,” ಎಂದರು. ಅವಳು ಮೆಮೊ ವಿಷಯ ತೆಗೆದಳು. ಅವರ ಮುಖ ಬಿಗಿಯಿತು.

“ಆ ಮೆಮೊ ನಿನ್ನ ಕಡತದಲ್ಲಿ ಇಲ್ಲಮ್ಮ. ಐದು ವರ್ಷ ಆದ್ಮೇಲೆ ತೆಗೆಸಿಬಿಟ್ಟಿದ್ದೀನಿ. ಇಲ್ಲದೇ ಇರೋದನ್ನ ನೀನ್ಯಾಕೆ ಬರೀತೀಯ? ಬರೆದ್ರೆ ಯಾವಾಗ, ಯಾಕೆ, ಯಾರಿಗೆ ಹೇಳಿದೆ, ಎಲ್ಲಾ ಬರುತ್ತೆ.” ಸ್ವಲ್ಪ ತಡೆದು, “ಎಲ್ಲಾರ ಹೆಸರೂ ಬರುತ್ತೆ,” ಎಂದರು.

ಅದು ಬುದ್ಧಿಮಾತೋ ಬೆದರಿಕೆಯೋ ಅವಳಿಗೆ ತಿಳಿಯಲಿಲ್ಲ.

ಅರ್ಜಿ ಸಲ್ಲಿಸಲು ನಾಲ್ಕು ದಿನ ಉಳಿದಿತ್ತು. ಆ ನಾಲ್ಕು ದಿನ ಅವಳು ಟೈಪ್ ಮಾಡಿದ ಹಾಳೆಗಳನ್ನು ಎರಡೆರಡು ಸಲ ಓದಿದಳು. ಅನ್ನಕ್ಕೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಮೂರು ಸಲ ರುಚಿ ನೋಡಿದಳು. ಕೊನೆಯ ದಿನ ಊಟದ ಬಿಡುವಿನಲ್ಲಿ, ಖಾಲಿ ಹಾಲ್‌ನಲ್ಲಿ ತನ್ನದೇ ಕುರ್ಚಿಯಲ್ಲಿ ಕೂತು ‘ಹೌದು’ ಎಂಬುದಕ್ಕೆ ಗುರುತು ಹಾಕಿದಳು. ಒಂದು ಹಾಳೆಯಲ್ಲಿ ನಡೆದದ್ದನ್ನು ಬರೆದಳು. ಹೆಡ್ ಕ್ಲರ್ಕ್ ಹೆಸರು ಬರೆಯಲಿಲ್ಲ. ಆ ಎರಡು ದಿನದ ಮಾತನ್ನೂ ಬರೆಯಲಿಲ್ಲ. “ತಪ್ಪು ತಿಳಿದ ನಂತರ ನ್ಯಾಯಾಧೀಶರ ಗಮನಕ್ಕೆ ತಂದೆ” ಎಂದಷ್ಟೇ ಬರೆದಳು. ಸುಳ್ಳಲ್ಲ. ಲಕೋಟೆ ಅಂಟಿಸುವ ಮೊದಲು ಆ ‘ನಂತರ’ ಎಂಬ ಪದವನ್ನು ಮಾತ್ರ ಮತ್ತೊಮ್ಮೆ ಓದಿದಳು.

ಪ್ರವೇಶ ಪರೀಕ್ಷೆಯ ದಿನ ಬಾಗಿಲಲ್ಲಿ ನಿಂತಿದ್ದ ಮೇಲ್ವಿಚಾರಕ, “ಪೋಷಕರು ಹೊರಗೆ ಇರಬೇಕಮ್ಮ,” ಎಂದ. ಅವಳು ಪ್ರವೇಶ ಪತ್ರ ತೋರಿಸಿದಾಗ ನಾಲಿಗೆ ಕಚ್ಚಿಕೊಂಡ. ತನ್ನ ಅರ್ಧ ವಯಸ್ಸಿನವರ ನಡುವೆ ಕೂತು ಬರೆದಳು. ವೇಗದ ವಿಷಯದಲ್ಲಿ ಅವಳನ್ನು ಮೀರಿಸುವವರು ಅಲ್ಲಿ ಯಾರೂ ಇರಲಿಲ್ಲ. ತರ್ಕದ ಲೆಕ್ಕಗಳಲ್ಲಿ ಮಾತ್ರ ಬೆವರು ಇಳಿಯಿತು. ಆರು ವಾರದ ಮೇಲೆ ಸಂದರ್ಶನಕ್ಕೆ ಕರೆ ಬಂತು.

ಮೂರನೆಯ ಮಹಡಿ, ಉದ್ದನೆಯ ಮೇಜು, ಆಚೆ ಮೂವರು. ನಡುವೆ ಪ್ರಾಂಶುಪಾಲರು, ಎಡಕ್ಕೆ ಒಬ್ಬ ಪ್ರಾಧ್ಯಾಪಕರು, ಬಲಕ್ಕೆ ನಿವೃತ್ತ ನ್ಯಾಯಾಧೀಶೆಯೊಬ್ಬರು. ಕತ್ತರಿಸಿದ ಬಿಳಿ ಕೂದಲು, ಕತ್ತಿನಲ್ಲಿ ನೇತಾಡುವ ಕನ್ನಡಕ. ಮೊದಲಿನ ಇಬ್ಬರು ಯಾಕೆ ಓದಬೇಕು, ಕೆಲಸದ ಜೊತೆ ಹೇಗೆ ನಿಭಾಯಿಸುತ್ತೀರಿ ಎಂದು ಕೇಳಿದರು. ಬೀಗದ ಕತೆ ಹೇಳಿದಾಗ ಪ್ರಾಂಶುಪಾಲರು ಜೋರಾಗಿ ನಕ್ಕರು. ಅವಳ ಹೆಗಲು ಕೊಂಚ ಸಡಿಲವಾಯಿತು. ಆಗ ನ್ಯಾಯಾಧೀಶೆ ಕನ್ನಡಕ ಏರಿಸಿಕೊಂಡು ಹಾಳೆಯೊಂದನ್ನು ಮುಂದಕ್ಕೆಳೆದುಕೊಂಡರು. ಕೂತಲ್ಲಿಂದಲೇ ಅವಳಿಗೆ ತನ್ನ ಅಕ್ಷರದ ಗುರುತು ಸಿಕ್ಕಿತು.

“ಈ ತಪ್ಪನ್ನ ಕಂಡುಹಿಡಿದವರು ಯಾರು?”

“ನಾನೇ, ಮೇಡಂ.”

“ಅದಕ್ಕೆ ದಾಖಲೆ?”

“ಇಲ್ಲ. ಮೆಮೊದಲ್ಲಿ ಅದನ್ನ ಬರೀಲಿಲ್ಲ. ಮೆಮೊನೂ ಈಗ ಕಡತದಲ್ಲಿ ಇಲ್ಲವಂತೆ.”

“ಅಂದ್ರೆ, ನೀವು ‘ಇಲ್ಲ’ ಅಂತ ಬರೆದಿದ್ರೆ ನಮಗೆ ಗೊತ್ತೇ ಆಗ್ತಿರಲಿಲ್ಲ.”

“ಬಹುಶಃ ಆಗ್ತಿರಲಿಲ್ಲ.”

ನ್ಯಾಯಾಧೀಶೆ ಮೆಚ್ಚಲೂ ಇಲ್ಲ, ತೆಗಳಲೂ ಇಲ್ಲ. ಬೆರಳನ್ನು ಹಾಳೆಯ ಮೇಲೆ ಒಂದು ಕಡೆ ಇಟ್ಟರು. “‘ತಪ್ಪು ತಿಳಿದ ನಂತರ’ ಅಂತ ಬರೆದಿದ್ದೀರಿ. ಎಷ್ಟು ಹೊತ್ತಿನ ನಂತರ?”

ಗೋಡೆಯ ಫ್ಯಾನ್ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ತಿರುಗುತ್ತಿತ್ತು. ಹದಿನಾರು ವರ್ಷ ಅವಳು ಕಟಕಟೆಯಲ್ಲಿ ನಿಂತವರ ಮೌನವನ್ನು ಕೇಳಿದ್ದಳು. ಪ್ರಶ್ನೆಗೂ ಉತ್ತರಕ್ಕೂ ನಡುವಿನ ಆ ಜಾಗವನ್ನು ಟೈಪ್ ಮಾಡಲು ಬರುವುದಿಲ್ಲ. ಅವಳು ಕೈ ಎತ್ತಿಕೊಂಡು ಕಾಯುತ್ತಿದ್ದಳು ಅಷ್ಟೆ. ಈಗ ಮೂವರು ಕಾಯುತ್ತಿದ್ದರು.

“ಎರಡು ದಿನ,” ಎಂದಳು. “ಎರಡು ದಿನ ಸುಮ್ನಿದ್ದೆ. ಅವನು ಒಳಗಿದ್ದ ಹದಿನೇಳು ದಿನದಲ್ಲಿ ಹದಿನೈದು ನನ್ನ ಕೈತಪ್ಪಿನಿಂದ. ಉಳಿದ ಎರಡು ದಿನ ಗೊತ್ತಿದ್ದೂ.”

“ಇದನ್ನ ಬರೀಲಿಲ್ಲ ನೀವು.”

“ಬರೀಲಿಲ್ಲ. ಧೈರ್ಯ ಆಗ್ಲಿಲ್ಲ.”

“ಆ ಎರಡು ದಿನದಲ್ಲಿ ಯಾರಿಗಾದರೂ ಹೇಳಿದ್ರಾ?”

“ಒಬ್ಬ ಮೇಲಧಿಕಾರಿಗೆ ಹೇಳಿದೆ. ಸುಮ್ನಿರು ಅಂದ್ರು.”

“ಯಾರು?”

“ಅದನ್ನ ಹೇಳಲ್ಲ ಮೇಡಂ. ಅರ್ಜಿ ಹಾಕಿರೋದು ನಾನು, ಅವರಲ್ಲ. ಅವರೇನೂ ನನ್ನ ಬಾಯಿ ಕಟ್ಟಿ ಹಾಕಿರಲಿಲ್ಲ. ಸುಮ್ನಿದ್ದದ್ದು ನಾನೇ.”

ಪ್ರಾಧ್ಯಾಪಕರು ಕುರ್ಚಿಯಲ್ಲಿ ಮಿಸುಕಾಡಿದರು. “ಸಮಿತಿ ಕೇಳ್ತಾ ಇದೆ, ಹೇಳ್ಬೇಕಾಗುತ್ತಮ್ಮ.” ನ್ಯಾಯಾಧೀಶೆ ಅವರ ಕಡೆ ನೋಡಲಿಲ್ಲ. ಕೊನೆಯ ಪ್ರಶ್ನೆ ಕೇಳಿದರು: “ಆ ಕ್ಲೀನರ್ ಹತ್ತಿರ ಯಾವತ್ತಾದ್ರೂ ಮಾತಾಡಿದ್ದೀರಾ?”

“ಇಲ್ಲ. ಬಿಡುಗಡೆ ಆದ ದಿನ ಅವನ ತಂಗಿ ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದಳು. ನಾನು ಇನ್ನೊಂದು ಬಾಗಿಲಿಂದ ಮನೆಗೆ ಹೋದೆ.”

“ನೀವಿನ್ನು ಹೋಗಬಹುದು.”

ಮನೆಗೆ ಬಂದು ಚಪ್ಪಲಿ ಬಿಡುತ್ತಲೇ, “ಆಯ್ತು, ಮುಗೀತು,” ಎಂದಳು. ಗಂಡ ಏನೋ ಕೇಳಲು ಬಾಯಿ ತೆರೆದವನು ಅವಳ ಮುಖ ನೋಡಿ, ತಾನೇ ಹೋಗಿ ಚಹಾಕ್ಕೆ ನೀರಿಟ್ಟ.

ಹತ್ತು ದಿನದ ಮೇಲೆ ಕಾಲೇಜಿನ ಫಲಕದ ಮೇಲೆ ಪಟ್ಟಿ ಅಂಟಿಸಿದರು. ಅರವತ್ತು ಹೆಸರಿನಲ್ಲಿ ಅವಳದಿರಲಿಲ್ಲ. ಕೆಳಗೆ ಇನ್ನೊಂದು ಸಣ್ಣ ಪಟ್ಟಿ, ಕಾಯುವವರದು. ಅದರಲ್ಲಿ ನಾಲ್ಕನೆಯವಳು. ತಿರಸ್ಕಾರವಾಗಿದ್ದರೆ ಒಂದು ದಿನ ಅತ್ತು ಮರೆಯಬಹುದಿತ್ತು. ಇದು ಹಾಗಲ್ಲ; ಬಾಗಿಲು ಪೂರ್ತಿ ಹಾಕಿಯೂ ಇಲ್ಲ, ತೆರೆದೂ ಇಲ್ಲ. ದಿನಾ ಬೆಳಿಗ್ಗೆ ಕಾಲೇಜಿಗೆ ಫೋನ್ ಮಾಡಿದಳು. ಐದನೆಯ ದಿನಕ್ಕೆ ಗುಮಾಸ್ತ ಅವಳ ದನಿ ಕೇಳಿದ ಕೂಡಲೇ “ಇನ್ನೂ ನಾಲ್ಕೇ” ಎಂದು ಹೇಳಿ ಇಟ್ಟುಬಿಡುತ್ತಿದ್ದ. ಆಮೇಲೆ ಮೂರಾಯಿತು. ಒಂದು ವಾರ ಕದಲಲಿಲ್ಲ. ಮತ್ತೆ ಒಂದಾಯಿತು.

“ಆ ಅರವತ್ತು ಜನದಲ್ಲಿ ಒಬ್ಬರಿಗಾದ್ರೂ ಬೇರೆ ಊರಿಗೆ ವರ್ಗ ಆಗ್ಬಾರದಾ?” ಎಂದು ಅತ್ತೆ ಒಳಗಿನಿಂದ ಕೇಳುತ್ತಿದ್ದರು. “ಕೆಟ್ಟದ್ದೇನೂ ಬೇಡಪ್ಪ. ಬಡ್ತಿ ಸಿಕ್ಕೇ ಹೋಗಲಿ.”

ಸೇರಲು ಕೊನೆಯ ದಿನ ಬಂತು. ಮಧ್ಯಾಹ್ನ ಎರಡೂ ಹತ್ತಕ್ಕೆ, ಕಲಾಪ ಮತ್ತೆ ಶುರುವಾಗುವ ಹೊತ್ತಿಗೆ ಫೋನ್ ನಡುಗಿತು. ಅದೇ ಗುಮಾಸ್ತ. “ಒಂದು ಸೀಟು ಖಾಲಿಯಾಗಿದೆ. ಐದು ಗಂಟೆಗೆ ಕಿಟಕಿ ಮುಚ್ತೀವಿ. ಮೂಲ ದಾಖಲೆ ಎಲ್ಲಾ ಬೇಕು. ಇಲಾಖೆ ಅನುಮತಿ ಪತ್ರ ಇಲ್ಲದಿದ್ರೆ ಬರಲೇಬೇಡಿ.”

ದಾಖಲೆಗಳು ತಿಂಗಳಿಂದ ಅವಳ ಚೀಲದಲ್ಲೇ ಇದ್ದವು. ಅನುಮತಿ ಪತ್ರ ಮಾತ್ರ ಸಹಿಯಿಲ್ಲದೆ ಹೆಡ್ ಕ್ಲರ್ಕ್ ಅವರ ತಟ್ಟೆಯಲ್ಲಿ.

ಅವರು ಏನನ್ನೋ ಹೊಲಿಯುತ್ತಿದ್ದರು, ಕಡತಕ್ಕೆ ದಾರ. ಅವಳು ಹೇಳಿದ್ದನ್ನೆಲ್ಲ ಕೇಳಿ, ಸೂಜಿಯನ್ನು ಕಡತದ ಅಂಚಿಗೆ ಚುಚ್ಚಿದರು. “ಸಂದರ್ಶನದಲ್ಲಿ ಆ ವಿಷಯ ಬಂತಾ?”

“ಬಂತು ಸಾರ್.”

“ನನ್ನ ಹೆಸರು ಕೇಳಿದ್ರಾ?”

“ಕೇಳಿದ್ರು. ಹೇಳಲಿಲ್ಲ.”

“ಹೇಳಲಿಲ್ಲ ಅಂತ ನಾನು ಹೆಂಗೆ ನಂಬೋದು?”

ಅವರ ತಲೆಯ ಮೇಲಿನ ಗಡಿಯಾರದಲ್ಲಿ ಎರಡೂ ಇಪ್ಪತ್ತು. “ನಂಬೋದು ಬಿಡೋದು ನಿಮಗೆ ಸೇರಿದ್ದು ಸಾರ್. ಸಹಿ ಮಾತ್ರ ಈಗಲೇ ಬೇಕು,” ಎಂದಳು. ಇಷ್ಟು ವರ್ಷದಲ್ಲಿ ಅವರೊಂದಿಗೆ ಆ ದನಿಯಲ್ಲಿ ಮಾತಾಡಿದ್ದು ಅದೇ ಮೊದಲು.

ಅವರು ತಟ್ಟೆಯಲ್ಲಿನ ಕಾಗದಗಳನ್ನು ಒಂದೊಂದಾಗಿ ಎತ್ತಿದರು. ಅವಳ ಮನವಿ ತಳದಲ್ಲಿತ್ತು. “ನಿನ್ನ ಮಗು ಸಣ್ಣದು ಆಗ. ಕೆಲಸ ಹೋಗುತ್ತೆ ಅಂತಾನೇ ಹಾಗೆ ಹೇಳಿದ್ದು,” ಎಂದರು, ಕಾಗದದ ಕಡೆ ನೋಡುತ್ತ. ಅದು ನಿಜವಿರಬಹುದು, ಇಲ್ಲದಿರಬಹುದು. ಅರ್ಧ ನಿಜವಿರಬಹುದು. ಸಹಿ ಹಾಕಿದರು. ಮೊಹರಿನ ಪ್ಯಾಡ್ ಒಣಗಿಹೋಗಿತ್ತು. ಮೊಹರನ್ನು ಬಾಯಿಯ ಹತ್ತಿರ ತಂದು ‘ಹಾ’ ಎಂದು ಉಸಿರು ಬಿಟ್ಟು, ಮೈಭಾರವೆಲ್ಲ ಹಾಕಿ ಒತ್ತಿದರು. ಮಾಸಲಾಗಿ ಮೂಡಿತು, ಆದರೆ ಮೂಡಿತು.

“ಸಾರ್, ಹಾಲ್‌ನಲ್ಲಿ ಇವತ್ತು ಸಾಕ್ಷಿ ಇದೆ. ಬದಲಿಗೆ ಯಾರೂ ಇಲ್ಲ…”

ಹೆಡ್ ಕ್ಲರ್ಕ್ ಎದ್ದು ನಿಂತರು. ಅವರೂ ಒಂದು ಕಾಲಕ್ಕೆ ಟೈಪಿಸ್ಟೇ. ಕೀಲಿಗಳನ್ನು ಮುಟ್ಟಿ ಇಪ್ಪತ್ತು ವರ್ಷವಾಗಿತ್ತು. “ನಾನು ಕೂರ್ತೀನಿ. ನೀನು ಹೊರಡು,” ಎಂದು ಕೋಟಿನ ಗುಂಡಿ ಹಾಕಿಕೊಳ್ಳುತ್ತಾ ಹಾಲ್ ಕಡೆ ನಡೆದರು.

ಅವಳು ಹತ್ತಿದ ಬಸ್ಸು ಸೇತುವೆಯ ಮೇಲೆ ನಿಂತುಬಿಟ್ಟಿತು. ಮುಂದೆ ಯಾವುದೋ ಟ್ರಕ್ಕಿನ ಚಕ್ರ ಕಳಚಿತ್ತು. ಮೂರೂವರೆ. ಮೂರೂ ಮುಕ್ಕಾಲು. ಅವಳು ಇಳಿದು ನಡೆದಳು, ಆಮೇಲೆ ಓಡಿದಳು, ಚೀಲವನ್ನು ಕೂಸಿನ ಹಾಗೆ ಎದೆಗವಚಿಕೊಂಡು. ಎದುರಿಗೆ ಬಂದವರು ತಾವಾಗಿಯೇ ದಾರಿ ಬಿಟ್ಟರು. ಕಾಲೇಜಿನ ಮೆಟ್ಟಿಲು ಹತ್ತುವಾಗ ಪಕ್ಕೆ ಹಿಡಿದುಕೊಂಡಿತ್ತು. ಕಿಟಕಿಯ ಮುಂದೆ ನಿಂತಾಗ ನಾಲ್ಕೂ ನಲವತ್ತೇಳು.

ಗುಮಾಸ್ತ ದಾಖಲೆಗಳನ್ನು ಒಂದೊಂದಾಗಿ ತಿರುವಿದ. ಅನುಮತಿ ಪತ್ರವನ್ನು ಬೆಳಕಿಗೆ ಹಿಡಿದು ಮೊಹರು ಓದಿದ. ಅರ್ಜಿ ತೆಗೆದವನು ಹುಬ್ಬು ಗಂಟಿಕ್ಕಿದ. “ಹದಿನಾಲ್ಕಕ್ಕೆ ‘ಹೌದು’ ಅಂತಿದೆಯಲ್ಲಮ್ಮ. ಇದಕ್ಕೆ ಸಮಿತಿ ಷರಾ ಬೇಕು. ಇಲ್ಲದೆ ನಾನು ಸೇರಿಸಿಕೊಳ್ಳೋ ಹಾಗಿಲ್ಲ.”

ಅವನು ಪುಟ ತಿರುವಿದ, ಇನ್ನೊಂದು ತಿರುವಿದ. ಅವಳು ಬರೆದಿದ್ದ ಹಾಳೆಯ ಹಿಂಬದಿಯಲ್ಲಿ ಹಸಿರು ಶಾಯಿಯ ಎರಡು ಸಾಲು ಇದ್ದವು. ಗುಮಾಸ್ತ ಅದನ್ನು ಗಟ್ಟಿಯಾಗಿಯೇ ಓದಿದ: “ಅಭ್ಯರ್ಥಿಯನ್ನು ವಿಚಾರಿಸಲಾಯಿತು. ಪ್ರವೇಶಕ್ಕೆ ಅಡ್ಡಿಯಿಲ್ಲ.” ಕೆಳಗೆ ನ್ಯಾಯಾಧೀಶೆಯ ಸಹಿ. ಅವಳು ಕಿಟಕಿಯೊಳಗೆ ಕತ್ತು ಚಾಚಿ ನೋಡಿದಳು. ಇನ್ನೇನಾದರೂ ಬರೆದಿದ್ದಾರೋ ಎಂದು. ಬೇರೇನೂ ಇರಲಿಲ್ಲ. ಕ್ಷಮೆಯೂ ಇಲ್ಲ, ಶಹಬ್ಬಾಸೂ ಇಲ್ಲ.

“ಇಲ್ಲಿ ಸಹಿ ಹಾಕಿ,” ಎಂದ ಗುಮಾಸ್ತ. ಹಾಕಿದಳು. ಅವನು ರಸೀದಿ ಹರಿದು ಕೊಡುತ್ತಾ ಮೊದಲ ಸಲ ಅವಳ ಮುಖ ನೋಡಿದ. “ದಿನಾ ಫೋನ್ ಮಾಡ್ತಿದ್ದೋರು ನೀವೇನಾ? ನಾಳೆಯಿಂದ ಮಾಡ್ಬೇಡಿ.”

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಗಂಡನಿಗೆ ಫೋನ್ ಮಾಡಿದಳು. ಅವನು ಯಾವುದೋ ಕಟ್ಟಡದ ಲಿಫ್ಟ್ ಗುಂಡಿಯೊಳಗೆ ಇದ್ದ; ದನಿ ಬಾವಿಯಿಂದ ಬಂದಂತೆ ಕೇಳಿಸಿತು. “ಸಿಕ್ತು,” ಎಂದಳು. “ಏನು ಸಿಕ್ತು?” ಎಂದ. ಅವಳಿಗೆ ಅಳು ಬಂತು, ಅದರ ಜೊತೆಗೇ ನಗುವೂ.

ಮರುದಿನ ಬೆಳಿಗ್ಗೆ ಅವಳ ಮೇಜಿನ ಮೇಲೆ ಹನ್ನೊಂದು ಹಾಳೆಗಳಿದ್ದವು, ಹೆಡ್ ಕ್ಲರ್ಕ್ ಟೈಪ್ ಮಾಡಿದವು. ಸಾಲಿಗೆ ನಾಲ್ಕು ತಪ್ಪು. ನ್ಯಾಯಾಧೀಶರು ಸಹಿ ಹಾಕದೆ ಹಿಂದಕ್ಕೆ ಕಳಿಸಿದ್ದರು. ಹೆಡ್ ಕ್ಲರ್ಕ್ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು, ತಾವೇ ಗೀಚಿಕೊಂಡಿದ್ದ ಟಿಪ್ಪಣಿಯಿಂದ ಒಂದೊಂದು ವಾಕ್ಯ ಓದಿ ಹೇಳಿದರು. ಅವಳು ಹೊಸದಾಗಿ ಟೈಪ್ ಮಾಡಿದಳು. ಹತ್ತೂವರೆಗೆ ಕಲಾಪ ಶುರುವಾಗುವ ಮೊದಲು ಹನ್ನೊಂದೂ ಹಾಳೆ ಮುಗಿಯಿತು. ಸಂಜೆ ಆರಕ್ಕೆ ಮೊದಲ ತರಗತಿ. ಹತ್ತು ನಿಮಿಷ ತಡವಾಗಿ ಹೋದಳು. ಬಾಗಿಲ ಬಳಿ ನಿಂತಾಗ ಪಾಠ ನಿಲ್ಲಿಸಿದ ಮೇಷ್ಟ್ರು, ಒಳಗೆ ಬನ್ನಿ ಎಂದು ತಲೆಯಾಡಿಸಿದರು. ಖಾಲಿಯಿದ್ದದ್ದು ಮೊದಲ ಸಾಲಿನ ಒಂದೇ ಕುರ್ಚಿ.